ಅನುಮಾನದ ಸಾಲು

ಪರದೆಯ ಮೇಲೆ ಕಂಡದ್ದು ಅವನ ಮನೆಯದೇ ಕಿಟಕಿ. ಸರಳಿಗೆ ಸುತ್ತಿದ ನೀಲಿ ದಾರ ಅವನ ಮಗಳು ಕಟ್ಟಿದ್ದು. ಕಿಟಕಿಯ ಕೆಳಗೆ, ಬಿಳಿ ಹೊದಿಕೆಯ ಮೇಲೆ, ಹೆಣ ಮಲಗಿಸಿದ ಹಾಗೆ, ಅವನ ಅಪ್ಪನ ಪಿಟೀಲು.

ಬೆಲೆ ನೋಡಿದ. ಆ ದುಡ್ಡಿಗೆ ಹೊಸ ತಂತಿಗಳೂ ಬರಲಾರವು.

ಆನ್‌ಲೈನ್ ಹರಾಜಿಗೆ ಬರುವ ವಾದ್ಯಗಳಲ್ಲಿ ತೀರಾ ಅಗ್ಗವಾದವು ತಾವಾಗಿಯೇ ಅನುಮಾನದ ಸಾಲಿಗೆ ಬಂದು ಬೀಳುತ್ತಿದ್ದವು. ಆ ಸಾಲಿನ ಪಿಟೀಲುಗಳೆಲ್ಲ ಅವನ ಪಾಲು. ಸಂಗೀತದಲ್ಲಿ ದೊಡ್ಡ ಪದವಿ ಪಡೆದವನು ಈಗ ಫೋಟೋ ನೋಡಿ ಅಸಲಿ ಅಥವಾ ನಕಲಿ ಎಂಬ ಗುಂಡಿ ಒತ್ತುತ್ತಾನೆ. ಪಿಟೀಲಿನ ಬೆನ್ನ ಮೇಲಿನ ಎಳೆಗಳು ಮರದ್ದೇ ಹುಟ್ಟುಗೆರೆಗಳೋ, ಬಣ್ಣದಲ್ಲಿ ಬರೆದವೋ, ಕಣ್ಣಿಗೆ ಕಂಡರೆ ಸಾಕು. ಮುಟ್ಟುವಂತಿಲ್ಲ. ನುಡಿಸಿ ಕೇಳುವ ಮಾತಂತೂ ಇಲ್ಲ. ತೀರ್ಪು ಕೊಟ್ಟವನು ಯಾರೆಂದು ಮಾರುವವರಿಗೆ ತಿಳಿಯುವುದೂ ಇಲ್ಲ. ಹೆಂಡತಿಯ ಮಟ್ಟಿಗೆ ಅವನು 'ಆಫೀಸಿಗೆ' ಹೋಗುತ್ತಾನೆ, ಅಷ್ಟೆ.

"ಏನಪ್ಪಾ, ದೆವ್ವ ಕಂಡೋರ ಥರ ಕೂತಿದ್ದೀಯ?" ಪಕ್ಕದ ಮೇಜಿನ ಕೊಳಲು ಕೇಳಿದ. ಊದುವ ವಾದ್ಯಗಳ ತೀರ್ಪು ಅವನದು. ಮೈಯೂ ಹಾಗೇ ಇದ್ದುದರಿಂದ ಹೆಸರು ಅಂಟಿಕೊಂಡಿತ್ತು.

"ಏನಿಲ್ಲ. ಒಂದು ಪಿಟೀಲು."

"ಅಗ್ಗಾನಾ?"

"ತುಂಬಾ."

"ನಕಲಿ ಅಂದ್ಬಿಡು, ಪೀಡೆ ಹೋಯ್ತು. ಅಸಲಿನ ಯಾರು ಹೀಗೆ ಬಿಸಾಕ್ತಾರೆ? ಗಂಡನ ಮೇಲಿನ ಸಿಟ್ಟಿಗೆ ಯಾರಾದ್ರೂ ಮಾರಿದ್ರೆ ಉಂಟು!"

ಕೊಳಲು ನಕ್ಕ. ಅವನೂ ನಕ್ಕ, ಸ್ವಲ್ಪ ತಡವಾಗಿ. ಆಮೇಲೆ ಮೆಟ್ಟಿಲ ಹತ್ತಿರ ಹೋಗಿ ಮನೆಗೆ ಫೋನ್ ಮಾಡಿದ.

"ಏನ್ಮಾಡ್ತಿದ್ದೀಯ?"

"ಮನೆ ಗುಡಿಸ್ತಿದ್ದೆ. ಯಾಕ್ರೀ?"

"ಸುಮ್ನೆ. ಮಂಚದ ಕೆಳಗೂ ಗುಡಿಸಿದ್ಯಾ?"

"ಗುಡಿಸ್ದೆ. ಧೂಳು ಬಿಟ್ರೆ ಅಲ್ಲೇನಿತ್ತು?"

ಅಪ್ಪ ಹೋದ ಮೇಲೆ ಅವನು ಮಂಚದ ಕೆಳಗಿನ ಪಿಟೀಲಿನ ಪೆಟ್ಟಿಗೆ ತೆರೆದಿರಲಿಲ್ಲ. ನುಡಿಸಿ ಎಂದು ಹೆಂಡತಿ ಕೇಳಿದಾಗಲೆಲ್ಲ ಬಿಡುವಿಲ್ಲ ಎನ್ನುತ್ತಿದ್ದ. ನಿಜವಾದ ಕಾರಣ ಹೆದರಿಕೆ. ಕಮಾನು ಎಳೆದೊಡನೆ, ಇವನಿಗೆ ಏನೂ ಬರುವುದಿಲ್ಲ ಎಂಬುದು ಮನೆಗೆಲ್ಲ ಕೇಳಿಸಿಬಿಟ್ಟರೆ?

ಅಸಲಿ ಎಂದರೆ ಸಂಜೆಯೊಳಗೆ ಪಿಟೀಲು ಯಾರದೋ ಪಾಲು. ಮಾರಬೇಡ ಎಂದು ಅವಳಿಗೇ ಹೇಳಬಹುದು; ಹೇಳಿದರೆ, "ಹಾಗಾದ್ರೆ ನುಡಿಸ್ತೀರಾ?" ಎನ್ನುತ್ತಾಳೆ. ನಕಲಿ ಎಂದರೆ ಹರಾಜಿನಿಂದ ಹೊರಬಿದ್ದು, ಮಾತಿಲ್ಲದೆ ಮಂಚದ ಕೆಳಗೆ ಮರಳುತ್ತದೆ.

ಬೆನ್ನಿನ ಫೋಟೋವನ್ನು ಹಿಗ್ಗಿಸಿ ನೋಡುವ ಧೈರ್ಯ ಬರಲಿಲ್ಲ. ನಕಲಿ ಒತ್ತಿದ. ಕಾರಣ ಬರೆಯಲೇಬೇಕಿತ್ತು. 'ಎಳೆಗಳು ಬಣ್ಣದವು. ಅನುಕರಣೆಯಲ್ಲಿ ಪಳಗಿದ ಕೈ. ಒಳಗೆ ಹುರುಳಿಲ್ಲ.' ಅಷ್ಟು ಸಲೀಸಾಗಿ ಬಂದದ್ದನ್ನು ಇನ್ನೊಮ್ಮೆ ಓದದೆ ಕಳಿಸಿಬಿಟ್ಟ.

ಸಂಜೆ ಮನೆಗೆ ಬಂದಾಗ ಪೆಟ್ಟಿಗೆ ಊಟದ ಮೇಜಿನ ಮೇಲೆ ಬಾಯಿ ತೆರೆದುಕೊಂಡಿತ್ತು.

"ಮಾವ ಮೋಸ ಹೋಗಿದ್ರಂತೆ ಕಣ್ರೀ," ಎಂದಳು ಹೆಂಡತಿ. "ಹರಾಜಿಗೆ ಹಾಕಿದ್ದೆ. ನಕಲಿ ಅಂತ ತೆಗೆದುಹಾಕಿದಾರೆ."

"ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಾ?"

ಅವನು ಬಗ್ಗಿ ಶೂ ಬಿಚ್ಚತೊಡಗಿದ. ಅವಳು ಫೋನು ಹಿಡಿದು ತೀರ್ಪನ್ನು ಗಟ್ಟಿಯಾಗಿ ಓದಿದಳು. 'ಒಳಗೆ ಹುರುಳಿಲ್ಲ' ಎಂಬಲ್ಲಿಗೆ ಬಂದು ತಲೆಯೆತ್ತಿದಳು.

"ಬರೆದೋರು ಬಹಳ ಹತ್ತಿರದಿಂದ ಬಲ್ಲೋರೇ ಇರ್ಬೇಕು. ಅಲ್ವೇನ್ರೀ?"

"ಇರಬಹುದು."

"ಹೋಗ್ಲಿ, ನೀವೇ ಒಂದ್ಸಲ ನುಡಿಸ್ಬಿಡಿ. ನಿಜ ಏನಂತ ಕಿವಿಗೇ ಗೊತ್ತಾಗತ್ತೆ."

ಅವಳು ಕಮಾನನ್ನು ತೆಗೆದು ಚಾಚಿದಳು.

"ಮೊದ್ಲು ಒಳಗೆ ನೋಡ್ತೀನಿ," ಎಂದ ಅವನು.

ಹಲ್ಲಿನ ಡಾಕ್ಟರು ಬಳಸುವಂಥ ಅಪ್ಪನ ಪುಟ್ಟ ಕನ್ನಡಿ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಪಿಟೀಲಿನ ಸೀಳಿನೊಳಗೆ ತೂರಿಸಿ, ಟಾರ್ಚು ಹಿಡಿದು ಬಗ್ಗಿದ.

"ಏನು ಕಾಣ್ತಿದೆ?"

ಅವನು ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದ. ಅವಳು ಚಾಚಿದ ಕಮಾನು ಹಾಗೇ ಇತ್ತು. ಒಳಗೆ, ಟೊಳ್ಳು ಕತ್ತಲಿನ ಧೂಳಿನಲ್ಲಿ, ಒಂದು ಒಂಟಿ ಕಣ್ಣು ರೆಪ್ಪೆ ಬಡಿಯದೆ ಅವನ ಬೆಲೆ ಕಟ್ಟುತ್ತಿತ್ತು.