ಹತ್ತು ಸೆಕೆಂಡಿನ ಪರೀಕ್ಷೆ

ಪೇಂಟರಿಗೆ ಹದಿನೆಂಟು ವರ್ಷದಿಂದ ಕಣ್ಣಳತೆಯೇ ಅಳತೆ. ಬಣ್ಣಕ್ಕೆ ಎಷ್ಟು ನೀರು ಬೇಕೆಂದು ಕೋಲಿನಲ್ಲಿ ಒಮ್ಮೆ ತಿರುವಿ ಹೇಳಿಬಿಡುತ್ತಿದ್ದ. ಐದು ತಿಂಗಳ ಮಗಳ ಹಾಲಿನ ಮುಂದೆ ಮಾತ್ರ ಆ ಜಂಬ ಇಳಿದುಹೋಗಿತ್ತು. ತೆಳು ಹಾಲು ಹೊಟ್ಟೆಗಿಳಿಯುವ ಬದಲು ಉಸಿರಿನ ದಾರಿ ಹಿಡಿದು, ಮಗು ಕೆಮ್ಮಿ ಕೆಮ್ಮಿ ಕೆಂಪಾಗುತ್ತಿತ್ತು. ಎರಡು ಸಲ ಆಸ್ಪತ್ರೆ ಸೇರಿದ ಮೇಲೆ ಡಾಕ್ಟರು ಹಾಲು ಗಟ್ಟಿ ಮಾಡುವ ಪುಡಿ ಬರೆದುಕೊಟ್ಟರು. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಗದರಿಸಿಯೇ ಹೇಳಿದ್ದರು: "ಅಂದಾಜಲ್ಲಿ ಹಾಕಬೇಡಿ. ತೆಳುವಾದ್ರೆ ಕೆಮ್ಮು, ಗಟ್ಟಿಯಾದ್ರೆ ಕುಡಿಯೋಕಾಗಲ್ಲ. ಮನೇಲಿರೋ ಹಿಟ್ಟುಗಿಟ್ಟು ಸೇರಿಸೋದಂತೂ ಬೇಡವೇ ಬೇಡ."

ಹೆಂಡತಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಅಡುಗೆಮನೆಯಲ್ಲಿ ಉಳಿದದ್ದು ಅವನು, ಅವನ ಅತ್ತೆ, ಹಸಿದು ಕೈಕಾಲು ಬಡಿಯುವ ಮಗು.

ಚಮಚದ ತಲೆ ಸವರಿ ಮಟ್ಟ ಮಾಡಿ, ಪುಡಿ ಹಾಕಿ ಕಲಕಿದ.

"ನೀರಿದ್ದ ಹಾಗಿದೆಯಲ್ಲ ಅಳಿಯಂದ್ರೇ, ಇನ್ನೊಂದು ಚಮಚ ಬೀಳಲಿ," ಅಂದರು ಅತ್ತೆ.

"ಐದು ನಿಮಿಷ ತಡೀರಿ ಅತ್ತೆ. ನಿಂತಷ್ಟೂ ಗಟ್ಟಿಯಾಗುತ್ತಂತೆ."

ಆಮೇಲೆ, ಗಟ್ಟಿತನ ನೋಡಲು ಥೆರಪಿಸ್ಟ್ ಕಲಿಸಿದ್ದಂತೆ, ಸೂಜಿಯಿಲ್ಲದ ಸಿರಿಂಜಿಗೆ ಹತ್ತು ಎಂಎಲ್ ಹಾಲು ಸುರಿದು, ತುದಿಗೊತ್ತಿದ್ದ ಬೆರಳು ತೆಗೆದ. ಹತ್ತು ಸೆಕೆಂಡು ಸೋರಿದ ಮೇಲೆ ಸಿರಿಂಜಿನಲ್ಲಿ ನಾಲ್ಕರಿಂದ ಎಂಟು ಎಂಎಲ್ ಒಳಗೆ ಉಳಿದಿದ್ದರೆ ಹದ ಸರಿ. ಎಣಿಸುವ ಕೆಲಸ ಅತ್ತೆಯದು. ಗಾಬರಿಗೆ ಅವರು ಒಂದೇ ಉಸಿರಿಗೆ ಹತ್ತು ಮುಟ್ಟಿಬಿಟ್ಟರು.

"ಇದೇನು ಓಟದ ಪಂದ್ಯವೇ ಅತ್ತೆ?"

ಎರಡನೇ ಸಲ ಐದಕ್ಕೇ ಅವರಿಗೆ ನಗು ಬಂತು, ಅವನಿಗೂ ಬಂತು, ಸಿರಿಂಜು ವಾಲಿ ಹಾಲೆಲ್ಲ ಮೊಣಕೈಗೆ ಇಳಿಯಿತು. ಮೂರನೇ ಸಲ ಇಬ್ಬರೂ ತುಟಿ ಕಚ್ಚಿಕೊಂಡು ಗೋಡೆ ಗಡಿಯಾರವನ್ನೇ ನೋಡಿದರು. ಉಳಿದದ್ದು ಆರು.

ಥೆರಪಿಸ್ಟ್ ತೋರಿಸಿದಂತೆ ಮಗುವನ್ನು ತುಸು ನೆಟ್ಟಗೆ ಹಿಡಿದು ಬಾಟಲಿ ಕೊಟ್ಟ. ಒಂದು ಗುಟುಕು. ಎರಡು. ಅವನು ಬಾಗಿ ಕಿವಿಗೊಟ್ಟ. ಕೆಮ್ಮಿಲ್ಲ. ಇಪ್ಪತ್ತು ನಿಮಿಷದಲ್ಲಿ ಬಾಟಲಿ ಬರಿದಾಯಿತು. ಮಗು ಲಾರಿ ಡ್ರೈವರನ ಗತ್ತಿನಲ್ಲಿ ತೇಗಿತು. ಅತ್ತೆ ಮಂಡಿನೋವು ಮರೆತು, ತಟ್ಟೆ ಬಾರಿಸುತ್ತ ಎರಡು ಸುತ್ತು ಕುಣಿದೇಬಿಟ್ಟರು.

ಅಷ್ಟರಲ್ಲಿ ಹೆಂಡತಿಯ ಫೋನು. ಅವನಿಗೆ ನಗು ತಡೆದು ಮಾತಾಡಲಾಗಲಿಲ್ಲ.

"ರೀ, ಯಾಕೆ ಹಾಗೆ ಏದುಸಿರು ಬಿಡ್ತಿದೀರಿ? ಕೆಮ್ಮಿದ್ಲಾ?"

"ಕೆಮ್ತಿರೋದು ನಿಮ್ಮಮ್ಮ, ನಕ್ಕು ನಕ್ಕು."

"ಪಾಪು?"

"ಖಾಲಿ ಬಾಟಲಿ ಬಿಡ್ತಾ ಇಲ್ಲ."

 ಆ ಕಡೆ ಅವಳು ಪಕ್ಕದವರಿಗೆ ಹೇಳಿದ್ದು, ಅವರು ಇನ್ನೊಬ್ಬರಿಗೆ ಹೇಳಿದ್ದು, ಇಡೀ ಆಫೀಸು ಚಪ್ಪಾಳೆ ತಟ್ಟಿದ್ದು ಫೋನಿನೊಳಗೇ ಕೇಳಿಸಿತು.