ಎಳನೀರು ಚೆಲ್ಲಿದ ಧಾರೆ ಸೀರೆ

ದೇವದಾಸ್ ಬಿಳಿ ರೇಷ್ಮೆ ಸೀರೆಯನ್ನು ನನ್ನ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನ ಮೇಲೆ ಬಿಚ್ಚಿದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ.

"ಹೆಂಡತಿಯ ಧಾರೆ ಸೀರೆ. ನಾಡಿದ್ದು ಮದುವೆಗೆ ಮಗಳು ದಿಶಾ ಇದನ್ನೇ ಉಡುವುದಂತೆ. ಸೆರಗಿಗೆ ನಿನ್ನೆ ಎಳನೀರು ಚೆಲ್ಲಿದ್ದಾಳೆ ಮಾರಾಯ್ತಿ. ಈಗ ಎಂತ ಕಾಣುದಿಲ್ಲ. ಡ್ರೈಕ್ಲೀನಿಂಗಿನ ಪೆಟ್ರೋಲಿಗೂ ಹೋಗುದಿಲ್ಲ. ಇಸ್ತ್ರಿ ತಾಗಿತೋ, ಕಂದು ಕಲೆ ಏಳ್ತದೆ. ವಾಶಿಯಲ್ಲಿ ನನ್ನದೂ ಡ್ರೈಕ್ಲೀನಿಂಗ್ ಇತ್ತು, ಗೊತ್ತುಂಟು ನನಗೆ."

ಹಾಗಾದರೆ ಆಗಲೂ ಗೊತ್ತಿತ್ತು.

ಒಂಬತ್ತು ವರ್ಷಗಳ ಹಿಂದೆ, ಅವರ ಆ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಗಿರಾಕಿಯೊಬ್ಬರ ನೀಲಿ ಸೀರೆಗೆ ಶರಬತ್ತು ಚೆಲ್ಲಿತ್ತು; ಯಾರೂ ಇಸ್ತ್ರಿ ತಾಗಿಸದಿರಲೆಂದು 'ಶರಬತ್ತು' ಎಂದು ಚೀಟಿ ಚುಚ್ಚಿಟ್ಟಿದ್ದೆ. ಮಾರನೆಯ ದಿನ ಸೀರೆಯ ಮೇಲೆ ಕಂದು ಕಲೆ, ಚೀಟಿ ಇಲ್ಲ. "ಈ ವಿನೋದಾ ಸಂಜೆ ಕಾಲೇಜಿಗೆ ಹೋಗಿ ಬಂದು ತೂಕಡಿಸ್ತಾ ಇಸ್ತ್ರಿ ಹಾಕ್ತಾಳೆ," ಎಂದು ಗಿರಾಕಿಗಳೆದುರು ನನ್ನನ್ನು ಕೆಲಸದಿಂದ ತೆಗೆದು ಹೊರಗೆ ಕಳಿಸಿದರು. ವಾಶಿಯಲ್ಲಿ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಊರು ಬಿಟ್ಟು ಡೊಂಬಿವಲಿಗೆ ಬಂದು ಈ ಅಂಗಡಿ ಇಟ್ಟೆ. ಅದಕ್ಕಿಂತ ಕೆಟ್ಟದ್ದೆಂದರೆ, ಚೀಟಿ ನಿಜವಾಗಿ ಚುಚ್ಚಿದ್ದೆನೇ ಎಂದು ಬರಬರುತ್ತಾ ನನಗೇ ಅನುಮಾನವಾಯಿತು.

ಮರುದಿನ ಸಂಜೆ ಅವರು ಬಂದಾಗ, ಲೋಕಲ್ ರೈಲು ಇಳಿದು ಬಂದ ನಾಲ್ಕೈದು ಗಿರಾಕಿಗಳು ನಿಂತಿದ್ದರು. ಸೆರಗು ಮೇಜಿನ ಮೇಲೆ ಹರಡಿತ್ತು. ಇಸ್ತ್ರಿ ಕಾದಿತ್ತು.

"ನಾನು ವಿನೋದಾ. ಆ ನೀಲಿ ಸೀರೆಯಲ್ಲಿ ನನ್ನ ಚೀಟಿ ಇತ್ತೋ ಇಲ್ಲವೋ?"

ಅವರು ತಿರುಗಿ ಗಿರಾಕಿಗಳ ಕಡೆ ನೋಡಿದರು. "ಹಳೇ ವಿಷಯ ಈಗ ಯಾಕೆ..."

ಇಸ್ತ್ರಿಯನ್ನು ಸೆರಗಿನಿಂದ ನಾಲ್ಕು ಬೆರಳು ಮೇಲೆ ಹಿಡಿದೆ.

"ಇತ್ತು," ಎಂದರು.

"ಜೋರಾಗಿ."

"ಇತ್ತು! ನಾನೇ ಕಿತ್ತು ಬಿಸಾಡಿದ್ದು. ಅದಕ್ಕೂ ಮೊದಲು ಚೀಟಿ ನೋಡದೆ ಇಸ್ತ್ರಿ ಹಾಕಿದ್ದೂ ನಾನೇ!"

"ಕಾಯ್ ಝಾಲಂ, ಕಾಕಾ?" ಏನಾಯ್ತೆಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಕೇಳಿದರು.

ನಾನು ಇಸ್ತ್ರಿಯನ್ನು ಒತ್ತಿದೆ.

"ಅಯ್ಯೋ, ಬೇಡ!" ಅವರ ಆ ಕೂಗು ನನಗೆ ಹಿತವಾಯಿತು, ಸುಳ್ಳು ಹೇಳಲಾರೆ.

ಬೆಳಿಗ್ಗೆಯೇ ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಎಳನೀರಿನ ಸಕ್ಕರೆಯನ್ನೆಲ್ಲ ತೆಗೆದಿದ್ದೆ. ಬಿಸಿಲಿಗೆ ಹಿಡಿದು ಮೂರು ಸಲ ನೋಡಿದ್ದೆ. ಆದರೂ ಇಸ್ತ್ರಿ ಎತ್ತಿದಾಗ ಮೊದಲು ಕಲೆಯನ್ನೇ ಹುಡುಕಿದೆ.

ಸೆರಗು ಬಿಳಿಯಾಗಿಯೇ ಇತ್ತು.

ನಾನು ಅವಸರವಿಲ್ಲದೆ ಸೀರೆ ಮಡಚಿ ಕವರಿಗೆ ಹಾಕಿದೆ. 'ಎಳನೀರು. ತೆಗೆದವಳು ವಿನೋದಾ' ಎಂದು ಚೀಟಿ ಬರೆದು ಮೇಲೆ ಚುಚ್ಚಿದೆ.

"ಇದನ್ನು ಕೀಳಬೇಡಿ," ಎಂದೆ. "ಮಗಳು ಓದಲಿ."