ಎಡಗಾಲಿನ ಮಹಾರಾಣಿ

ಶೂ ಹೊಲಿಯುವ ಆ ಪುಟ್ಟ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮಹಾರಾಣಿ ಎನ್ನುತ್ತಿದ್ದರು. ಹೆಸರಿಟ್ಟವನು ಶೂಗಳ ತಳಕ್ಕೆ ಅಟ್ಟೆ ಕೂಡಿಸುವವನು, ಅದೂ ಕುಹಕಕ್ಕೆ. ಅವಳು ಮಾತ್ರ ಅದನ್ನು ಬಿರುದೆಂದೇ ಸ್ವೀಕರಿಸಿದ್ದಳು. ತಪ್ಪೇನಿಲ್ಲ. ಕೈಚಳಕದಲ್ಲಿ ಅವಳ ಸರಿಸಮ ನಿಲ್ಲುವವರು ಆ ಬೀದಿಯಲ್ಲಿ ಇರಲಿಲ್ಲ, ಮತ್ತು ಈ ಸಂಗತಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವಳಿಗೇ.

ಅವಳ ಕೆಲಸ ಮಾದರಿ ಮಾಡುವುದು. ಅಂಗಡಿಯ ಗಾಜಿನ ಹಿಂದೆ ಇಡುವ ಮಾದರಿಗೆ ಒಂದೇ ಕಾಲು ಸಾಕು. ಎಡಗಾಲಿನದನ್ನು ಮಾಡುವುದು ಅಲ್ಲಿನ ರೂಢಿ. ಹಗಲೆಲ್ಲ ಯಜಮಾನರಿಗಾಗಿ ಎಡಗಾಲು ಹೊಲಿದವಳು ಮನೆಗೆ ಬಂದು ತನಗಾಗಿ ಎಡಗಾಲು ಹೊಲಿಯುತ್ತಿದ್ದಳು. ವಿನ್ಯಾಸ ತನ್ನದೇ, ಹೊಲಿಗೆ ತನ್ನದೇ, ಮುಂದೊಂದು ದಿನ ಬೀದಿಯನ್ನೇ ಬೆರಗಾಗಿಸುವ ಕನಸೂ ತನ್ನದೇ. ಅಕ್ಕ-ತಂಗಿ ಇಬ್ಬರೇ ಇದ್ದ ಮನೆಯಲ್ಲಿ ಪಾತ್ರೆ ಇಡಬೇಕಾದ ಗೂಡನ್ನು ಈ ಒಂಟಿ ಶೂಗಳು ಆಕ್ರಮಿಸಿಕೊಂಡಿದ್ದವು. ಪಾತ್ರೆಗಳು ನೆಲದ ಮೇಲಿದ್ದವು.

ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಯಾರಾದರೂ ಹಾಕಿಕೊಂಡು ನೋಡಲೇ ಎಂದರೆ, "ಇನ್ನೊಂದು ಆಗಿಲ್ಲ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಲಗಾಲಿಗೆ ತಕ್ಕ ಚರ್ಮ ಸಿಕ್ಕಿರಲಿಲ್ಲ. ಚರ್ಮ ಸಿಕ್ಕರೆ ಅದೇ ಬಣ್ಣದ ದಾರ ಸಿಕ್ಕಿರಲಿಲ್ಲ. ಎರಡೂ ಸಿಗುವ ಹೊತ್ತಿಗೆ ಇದಕ್ಕಿಂತ ಮೇಲಾದ ಇನ್ನೊಂದು ಎಡಗಾಲು ತಲೆಯೊಳಗೆ ಹೊಕ್ಕಿರುತ್ತಿತ್ತು. ಒಂಟಿ ಶೂ ಯಾರಿಗೂ ಕಚ್ಚುವುದಿಲ್ಲ, ಯಾರ ಕಾಲಿನಲ್ಲೂ ಹರಿಯುವುದಿಲ್ಲ. ಹಾಗಾಗಿ ಮಹಾರಾಣಿಯ ಶೂಗಳ ಬಗ್ಗೆ ಇದುವರೆಗೆ ಒಬ್ಬರೂ ಕೊಂಕು ನುಡಿದಿರಲಿಲ್ಲ.

ಒಂದು ದಿನ ಯಜಮಾನರು ಎಲ್ಲರನ್ನೂ ಕರೆದರು.

"ಸೂಜಿ ತೂತು ನನಗೆ ಕಾಣಿಸ್ತಿಲ್ಲ. ಇನ್ಮೇಲೆ ಕಾರ್ಖಾನೆ ನಡೆಸೋಕೆ ನಿಮ್ಮಲ್ಲೇ ಒಬ್ರು ಬೇಕು. ಮನಸ್ಸಿರೋರು ತಮ್ಮ ಕೈಯಾರೆ ಪೂರ್ತಿ ಮಾಡಿದ ಒಂದು ಜೊತೆ ತಂದು ಸೋಮವಾರ ನನ್ನ ಮೇಜಿನ ಮೇಲಿಡಿ. ಯಾರಾದ್ರೂ ಹಾಕ್ಕೊಂಡು ಓಡಾಡಿರಬೇಕು. ಹೊಸದು ಬೇಡ, ಹೊಸದು ಎಲ್ಲರದ್ದೂ ಚೆನ್ನಾಗೇ ಇರತ್ತೆ."

"ನಂದು ಕಾಲಲ್ಲೇ ಇದೆ ಯಜಮಾನ್ರೇ," ಎಂದ ಅಟ್ಟೆಯವನು. "ಈಗ್ಲೇ ಬಿಚ್ಚಿಡ್ಲಾ?"

"ಬೇಡ ಕಣಯ್ಯ. ಇಲ್ಲಿ ಇನ್ನೂ ಕೆಲವರು ಉಸಿರಾಡ್ತಿದ್ದಾರೆ."

ಎಲ್ಲರೂ ನಕ್ಕರು. ಮಹಾರಾಣಿಗೆ ನಗು ಬರಲಿಲ್ಲ. ಅಟ್ಟೆಯವನ ಶೂಗಳು ಎಮ್ಮೆಯಂತಿದ್ದವು. ಕಪ್ಪು, ಒರಟು, ಗಟ್ಟಿ. ಆದರೆ ಅವು ಎರಡಿದ್ದವು.

ಸಂಜೆ ಅಕ್ಕ ಕೆಲಸದಿಂದ ಬಂದು ಕುರ್ಚಿಗೆ ಕುಸಿದಳು. ಅಕ್ಕ ಬಸ್ ಕಂಡಕ್ಟರ್. ಬೆಳಗಿನಿಂದ ನಿಂತೇ ಇರುವವಳು. ಸುದ್ದಿ ಕೇಳಿ ಗೂಡಿನ ಕಡೆ ಕಣ್ಣು ಹಾಯಿಸಿದಳು.

"ಬಲಗಾಲು ನಿನಗೇನು ಅನ್ಯಾಯ ಮಾಡಿತ್ತೇ?"

"ಹೋಗೇ ಅಕ್ಕ. ಒಳ್ಳೆ ಚರ್ಮ ಬರ್ಲಿ ಅಂತ ಕಾಯ್ತಿದ್ದೀನಿ."

"ಕಾಯಿ, ಕಾಯಿ. ಅಟ್ಟೆಯವನು ಯಜಮಾನ ಆದ್ಮೇಲೆ ಅವನೇ ತರಿಸಿಕೊಡ್ತಾನೆ."

ತಂಗಿ, ಯಾರಿಗೂ ಕೇಳಿಸಬಾರದು ಎನ್ನುವಂತೆ, "ಕಚ್ಚಿದ್ರೆ?" ಎಂದಳು.

"ಕಚ್ಚಿದ್ರೆ ಬೈತೀನಿ. ಬೈಸ್ಕೊಂಡು ಯಾರೂ ಸತ್ತಿಲ್ಲ. ಬಸ್ಸಲ್ಲಿ ನಾನು ದಿನಾ ಬೈಸ್ಕೊತೀನಿ, ನೋಡು, ಒಂದು ಸುತ್ತು ದಪ್ಪಾನೇ ಆಗಿದ್ದೀನಿ." ಅಕ್ಕ ಎರಡೂ ಕಾಲು ಮುಂದೆ ಚಾಚಿದಳು. "ತಗೋ ಅಳತೆ."

ಎಡಗಾಲು ಹೇಗೂ ಸಿದ್ಧವಿದೆ, ಒಂದು ಬಲಗಾಲು ಮಾಡಿದರಾಯಿತು ಎಂದುಕೊಂಡು ಮಹಾರಾಣಿ ಗೂಡಿನಿಂದ ಒಂದನ್ನು ತೆಗೆದಳು. ಅಕ್ಕನ ಕಾಲು ಅರ್ಧಕ್ಕೇ ನಿಂತಿತು. ಇನ್ನೊಂದು ತೆಗೆದಳು. ಅದರಲ್ಲಿ ಕಾಲು ಹೋಯಿತು, ಬೆರಳು ಮುದುಡಿದವು. ಗೂಡು ಖಾಲಿಯಾದರೂ ಒಂದೂ ಹಿಡಿಸಲಿಲ್ಲ. ಎಲ್ಲವೂ ಮಾದರಿಯ ಮರದ ಅಚ್ಚಿನ ಮೇಲೆ ಹುಟ್ಟಿದವು. ಆ ಅಚ್ಚಿನಂಥ ಕಾಲು ಇರುವ ಮನುಷ್ಯರು ಇನ್ನೂ ಹುಟ್ಟಬೇಕಿತ್ತು. ಸಾಲದ್ದಕ್ಕೆ ಅಕ್ಕನ ಬಲಗಾಲು ಎಡಗಾಲಿಗಿಂತ ಅಗಲ. ಓಲಾಡುವ ಬಸ್ಸಿನಲ್ಲಿ ವರ್ಷಗಟ್ಟಲೆ ಅದರ ಮೇಲೇ ಭಾರ ಊರಿ ನಿಂತಿದ್ದಳು.

ಅಕ್ಕನ ಅಳತೆಗೆ, ಕೈಗೆ ಸಿಕ್ಕ ಚರ್ಮದಲ್ಲೇ, ಮೊದಲಿನಿಂದ ಶುರು ಮಾಡಬೇಕಾಯಿತು. ಎಡಗಾಲು ಸಲೀಸಾಗಿ ಬಂತು. ಬಲಗಾಲಿಗೆ ಬಂದಾಗ ಕೈ ತಬ್ಬಿಬ್ಬಾಯಿತು. ಬಾಗು ಎಲ್ಲಿ ಬರಬೇಕೋ ಅಲ್ಲಿ ಬರಲಿಲ್ಲ, ಹೊಲಿಗೆ ಸೊಟ್ಟಗಾಯಿತು, ಸೂಜಿ ಮುರಿಯಿತು. ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ ಬೆರಳು ಚುಚ್ಚಿಕೊಂಡಳು. ಮೊದಲ ಬಲಗಾಲನ್ನು ಬಿಚ್ಚಿದಳು. ಎರಡನೆಯದು ಸುಮಾರಾಗಿತ್ತು. ಮೂರನೆಯದಕ್ಕೆ ಚರ್ಮವನ್ನು ಕೈಗೆತ್ತಿಕೊಂಡಾಗ ಅಕ್ಕ ಬಂದು ಕೇಳದೆಯೇ ಎಡಗಾಲಿನದನ್ನೂ ಈ ಎರಡನೆಯದನ್ನೂ ಕಾಲಿಗೇರಿಸಿ, ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೊರಟೇಬಿಟ್ಟಳು.

ಆ ದಿನವಿಡೀ ಮಹಾರಾಣಿಗೆ ಬೀದಿಯಲ್ಲಿ ಹೋಗುವ ಪ್ರತಿ ಬಸ್ಸೂ ತನ್ನ ಎದೆಯ ಮೇಲೆ ಹೋದಂತಾಗುತ್ತಿತ್ತು.

ಅಕ್ಕ ಕುಂಟುತ್ತಲೇ ಬಂದಳು. "ಹಿಮ್ಮಡಿ ಸುಟ್ಟುಹೋಯ್ತು ಕಣೇ, ಮಹಾರಾಣಿ! ಬಲಗಡೆ, ಇಲ್ಲಿ, ಈ ಹೊಲಿಗೆ ಹತ್ರ." ಹೇಳಿದ ಮಾತಿಗೆ ತಪ್ಪದೆ ಚೆನ್ನಾಗಿ ಬೈದಳು. ಉಸಿರು ತಿರುಗಿಸಿಕೊಂಡು ಮುಂದುವರಿಸಿದಳು: "ಮಿಕ್ಕಿದ್ದೆಲ್ಲ ಕಾಲಲ್ಲಿ ಇದೆಯೋ ಇಲ್ವೋ ಅನ್ನೋ ಹಾಗಿತ್ತು. ಡ್ರೈವರ್ ಕೂಡ ಎಲ್ಲಿ ತಗೊಂಡೆ ಅಂತ ಕೇಳ್ದ. ಅವನು ನನ್ನ ಮುಖಾನೇ ಸರಿಯಾಗಿ ನೋಡಿಲ್ಲ ಇಷ್ಟು ವರ್ಷ."

ಮಹಾರಾಣಿ ಶೂ ತಿರುಗಿಸಿ ನೋಡಿದಳು. ಅಟ್ಟೆಯ ಹೊರ ಅಂಚಿಗೆ ಗೀರು ಬಿದ್ದಿತ್ತು, ಮೂತಿಗೆ ಯಾರೋ ತುಳಿದ ಗುರುತಿತ್ತು. ತಾನು ಮಾಡಿದ್ದರ ಮೇಲೆ ಬೀದಿಯ ಧೂಳು ಕಂಡದ್ದು ಅದೇ ಮೊದಲು. ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ.

ಸೋಮವಾರ ಮೇಜಿನ ಮೇಲೆ ಎರಡೇ ಜೊತೆಗಳಿದ್ದವು. ಯಜಮಾನರು ಅಟ್ಟೆಯವನ ಎಮ್ಮೆಗಳನ್ನು ದೂರದಿಂದಲೇ ಮೆಚ್ಚಿ, ಅಕ್ಕನ ಜೊತೆಯನ್ನು ಕೈಗೆತ್ತಿಕೊಂಡರು. ಬೆರಳನ್ನು ಒಳಗೆ ಆಡಿಸಿ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಕಚ್ಚಿರಬೇಕಲ್ಲಮ್ಮ?"

ಅಟ್ಟೆಯವನು ಕಿವಿ ನೆಟ್ಟಗೆ ಮಾಡಿದ. ಹಳೆಯ ಮಹಾರಾಣಿಯಾಗಿದ್ದರೆ ಚರ್ಮದ ಮೇಲೆ ತಪ್ಪು ಹಾಕುತ್ತಿದ್ದಳು.

"ಕಚ್ಚಿದೆ ಯಜಮಾನ್ರೇ. ಹೊಲಿಗೆ ಕೂದಲೆಳೆಯಷ್ಟು ಮೇಲೆ ಬಂದಿದೆ. ನಾನೇ ಮಾಡಿದ್ದು, ಯಾಕೆ ಹಾಗಾಯ್ತು ಅಂತಾನೂ ಗೊತ್ತು." ತಲೆ ಎತ್ತಿಯೇ ಹೇಳಿದಳು. "ಬೈಸ್ಕೊಂಡೂ ಆಯ್ತು."

"ಯಾರ ಹತ್ರ?"

"ನನ್ನ ಗಿರಾಕಿ ಹತ್ರ."

ಆ ಮಾತನ್ನು ಅವಳು ಹೇಳಿದ ಠೀವಿಗೆ ಅಟ್ಟೆಯವನೇ ಮೊದಲು ನಕ್ಕ. ಈ ಸಲ ಕುಹಕವಿರಲಿಲ್ಲ. ಯಜಮಾನರು ಕಾರ್ಖಾನೆಯ ಬೀಗದ ಕೈ ತೆಗೆದು ಅವಳ ಮುಂದಿಟ್ಟು, ನಾಳೆಯಿಂದ ಬಾಗಿಲು ನೀನೇ ತೆಗಿ ಎಂದರು.

"ತೆಗೀತೀನಿ," ಎಂದಳು ಮಹಾರಾಣಿ, ಶೂಗಳನ್ನು ಕಂಕುಳಲ್ಲಿ ಇರುಕಿಕೊಳ್ಳುತ್ತ. "ಇವತ್ತು ಬೇಗ ಹೋಗ್ಬೇಕು. ರಿಪೇರಿ ಇದೆ."